ಚಿಲಿಕಾಕ್ಕೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಈ ಕಾಗದ ನಿನಗೆ ರೈಲಿನಲ್ಲಿ, ಚಪಾತಿ ಡಬ್ಬಿ ತೆಗೆಯುವಾಗ ಸಿಗುತ್ತದೆ. ಹೊರಡುವ ಗಡಿಬಿಡಿಯಲ್ಲಿ ಇದನ್ನೆಲ್ಲ ಹೇಳಲು ಆಗಲಿಲ್ಲ.

ಒಡಿಶಾದ ಚಿಲಿಕಾ ಸರೋವರದ ದಂಡೆಯ ಬರ್ಕುಲ್ ಸಂಶೋಧನಾ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಾರೆ ಅಂತ ನೀನು ಹೇಳಿದಾಗ ನಾನೇ ಹೊರಟಷ್ಟು ಖುಷಿಯಾಯಿತು. ನಿನಗೆ ಡಾಲ್ಫಿನ್‌ನದೇ ಧ್ಯಾನ. ಇರವಾಡಿ ಡಾಲ್ಫಿನ್‌ಗೆ ಉದ್ದ ಮೂತಿ ಇಲ್ಲ, ತಲೆ ಗುಂಡಗೆ. ಅವು ಕಾಣಿಸುವ ಸಾತಪಾಡಾ ಕಡೆ ಕಣ್ಣಿಟ್ಟಿರು. ನಳಬನ ದ್ವೀಪದ ಹಕ್ಕಿಗಳನ್ನೂ ನೋಡು. ಆದರೆ ನನ್ನ ಆಸೆ ಬೇರೆ. ನೀನು ನೀರನ್ನು ಸರಿಯಾಗಿ ನೋಡಬೇಕು.

ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯುವ ಸೆಕಿ ತಟ್ಟೆ ಕೈಗೆ ಸಿಕ್ಕರೆ ಬಿಡಬೇಡ. ಹಗ್ಗಕ್ಕೆ ಕಟ್ಟಿದ ಕಪ್ಪು-ಬಿಳಿ ತಟ್ಟೆ, 20 ಸೆಂಟಿಮೀಟರ್ ಅಗಲ. ದೋಣಿಯ ನೆರಳು ಬೀಳುವ ಬದಿಯಲ್ಲಿ ಇಳಿಸು. ಕಣ್ಣಿಗೆ ಮರೆಯಾದಾಗ ಹಗ್ಗದ ಅಳತೆ ನೋಡು. ಮೆಲ್ಲಗೆ ಎತ್ತು, ಮತ್ತೆ ಕಂಡಾಗ ಇನ್ನೊಂದು ಅಳತೆ. ಎರಡರ ಸರಾಸರಿ ತೆಗೆ. 1865ರಲ್ಲಿ ಆಂಜೆಲೊ ಸೆಕಿ ಎಂಬ ಇಟಲಿಯ ಪಾದ್ರಿ ಸಮುದ್ರದಲ್ಲಿ ಮಾಡಿದ ಪರೀಕ್ಷೆ ಇದು. ಚಿಲಿಕಾದ ಆಳ ಕಮ್ಮಿ. ಕೆಲವು ಕಡೆ ತಟ್ಟೆ ಮರೆಯಾಗುವ ಮುಂಚೆಯೇ ನೆಲ ಮುಟ್ಟಬಹುದು. ಆಗ ನೆಲ ಮುಟ್ಟಿತು ಅಂತಲೇ ಬರೆ.

ನಿನ್ನ ವಯಸ್ಸಿನಲ್ಲಿ ನಾವೂ ಒಂದು ಕೆರೆಗೆ ಹೋಗಿದ್ದೆವು. ಎಲ್ಲರಿಗೂ 60 ಸೆಂಟಿಮೀಟರ್ ಆಸುಪಾಸು ಬಂತು. ನನಗೆ 25. ನಾನೇ ಏನೋ ತಪ್ಪು ಮಾಡಿದೆ ಅಂದುಕೊಂಡು, ಯಾರೂ ನೋಡುವ ಮುಂಚೆ ಉಜ್ಜಿ ಅಳಿಸಿ 58 ಅಂತ ಬರೆದೆ. ಊಟಕ್ಕೆ ಏರಿಯ ಮೇಲೆ ಕೂತಾಗ ಕಾಣಿಸಿತು. ನಾನು ಅಳೆದ ಜಾಗದ ಪಕ್ಕದಲ್ಲೇ ಚರಂಡಿ ನೀರು ಬಂದು ಕೆರೆಗೆ ಬೀಳುತ್ತಿತ್ತು. ನನ್ನ 25 ಸರಿಯಾಗೇ ಇತ್ತು! ಆ ಕೆರೆಗೆ ಏನಾಗಿದೆ ಅಂತ ಹೇಳುತ್ತಿದ್ದ ಒಂದೇ ಒಂದು ಅಂಕಿಯನ್ನು ನಾನು ಅಳಿಸಿಬಿಟ್ಟಿದ್ದೆ. ಮೇಷ್ಟ್ರಿಗೆ ಹೇಳುವ ಧೈರ್ಯ ಬರಲಿಲ್ಲ. ಉಜ್ಜಿ ಉಜ್ಜಿ ತೆಳುವಾದ ಆ ಪುಟ, ಅದರ ಮೇಲಿನ ಬೂದು ಕಲೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಚಿಲಿಕಾದಲ್ಲಂತೂ ಒಂದೊಂದು ಕಡೆ ಒಂದೊಂದು ನೀರು. ಉತ್ತರದಲ್ಲಿ ದಯಾ, ಭಾರ್ಗವಿ ನದಿಗಳ ಸಿಹಿನೀರು ಸೇರುತ್ತದೆ. ಸಮುದ್ರ ಸೇರುವ ಕಡೆ ಉಪ್ಪು ಜಾಸ್ತಿ. ಆ ಬಾಯಿಗೆ ಗಂಗೊಳ್ಳಿಯ ನಿನ್ನ ಅಮ್ಮಮ್ಮ ಅಳಿವೆ ಅನ್ನುತ್ತಾರೆ. ಮರಳು ಕೂತು ಅಳಿವೆ ಮುಚ್ಚಿಕೊಂಡರೆ ಏನಾಗುತ್ತದೆ ಅಂತ ಅವರನ್ನು ಕೇಳು. ಚಿಲಿಕಾದಲ್ಲಿ ಅದೇ ಆಗಿತ್ತು. ಉಪ್ಪು ಇಳಿಯಿತು, ಕಳೆ ಹಬ್ಬಿತು, ಮೀನು ಕಮ್ಮಿಯಾಯಿತು. 1981ರಲ್ಲಿ ರಾಮ್ಸಾರ್ ತಾಣ, ಅಂದರೆ ಜಗತ್ತಿನ ಮುಖ್ಯ ಜೌಗು ತಾಣಗಳಲ್ಲಿ ಒಂದು, ಆಗಿದ್ದ ಸರೋವರ 1993ರಲ್ಲಿ ಮಾಂಟ್ರೋ ಪಟ್ಟಿಗೂ ಸೇರಿತು. ಅದು ಕೆಡುತ್ತಿರುವ ತಾಣಗಳ ಪಟ್ಟಿ. 2000ದ ಸೆಪ್ಟೆಂಬರ್‌ನಲ್ಲಿ ಹೊಸ ಅಳಿವೆ ತೋಡಿದರು. ಉಪ್ಪು ಬಂತು, ಮೀನೂ ಬಂತು. 2002ರಲ್ಲಿ ಆ ಪಟ್ಟಿಯಿಂದ ಚಿಲಿಕಾದ ಹೆಸರು ತೆಗೆದರು. ಇದರ ಹಿಂದೆ ದೋಣಿಯಲ್ಲಿ ಕೂತು ಜಾಗ ಜಾಗದ ನೀರು ಅಳೆದು, ಬಂದದ್ದನ್ನು ಬಂದ ಹಾಗೇ ಬರೆದಿಟ್ಟವರು ಇದ್ದಾರೆ ಅಲ್ವಾ, ಪುಟ್ಟಿ. ಅವರ ಹೆಸರು ಯಾರಿಗೂ ನೆನಪಿರುವುದಿಲ್ಲ. ನನಗೆ ಅವರ ಮೇಲೆ ತುಂಬಾ ಗೌರವ.

ಹಾಗಾಗಿ ನಿನ್ನ ಅಳತೆ ಗೆಳತಿಯರದ್ದಕ್ಕೆ ಹೊಂದದಿದ್ದರೆ ಹೆದರಬೇಡ. ಇನ್ನೊಮ್ಮೆ ಇಳಿಸಿ ನೋಡು. ಆಗಲೂ ಅದೇ ಬಂದರೆ ಹಾಗೇ ಬರೆ. ಪಕ್ಕದಲ್ಲಿ ಜಾಗ, ಗಂಟೆ, ಗಾಳಿ ಇತ್ತಾ, ನೀರಿನ ಬಣ್ಣ ಹೇಗಿತ್ತು ಅಂತ ಸೇರಿಸು. ತಪ್ಪಾದರೆ ಒಂದೇ ಗೆರೆ ಎಳೆ, ಅಡಿಯ ಅಂಕಿ ಓದುವಂತಿರಲಿ.

ಪೆನ್ನು ಬೇಡ, ನೀರು ತಾಗಿದರೆ ಶಾಯಿ ಹರಡುತ್ತದೆ. ಎರಡು ಪೆನ್ಸಿಲ್ ಚೂಪು ಮಾಡಿ ಬ್ಯಾಗಿನ ಪಕ್ಕದ ಜೇಬಿನಲ್ಲಿ ಇಟ್ಟಿದ್ದೇನೆ. ಪೌಚಿನಲ್ಲಿ ರಬ್ಬರ್ ಹುಡುಕಬೇಡ, ಅದನ್ನು ನಾನು ತೆಗೆದಿಟ್ಟುಕೊಂಡಿದ್ದೇನೆ.

ಬಾಲುಗಾಂವ್‌ನಲ್ಲಿ ಇಳಿದ ಕೂಡಲೇ ಫೋನ್ ಮಾಡು.

ನಿನ್ನ
ಅಮ್ಮ