ಕೈ ಆಪರೇಷನ್ ಆದವರಿಗೆ ಬೆರಳಿನ ವ್ಯಾಯಾಮ

ಅಕ್ಕಂದಿರೇ, ನಮ್ಮ ಹಾಸನದ ಹೊಲಿಗೆ ಗುಂಪಿನಲ್ಲಿ ಇಬ್ಬರಿಗೆ ಈ ತಿಂಗಳು ಕಾರ್ಪಲ್ ಟನಲ್ ಆಪರೇಷನ್ (ಮಣಿಕಟ್ಟಿನಲ್ಲಿ ನರದ ಮೇಲಿನ ಒತ್ತಡ ಬಿಡಿಸುವುದು) ಆಗಿದೆ. ಹೋದ ವರ್ಷ ನನಗೂ ಆಗಿತ್ತು. ನನಗೆ ಫಿಸಿಯೋಥೆರಪಿಯವರು ಕಲಿಸಿದ್ದನ್ನು ಬರೆಯುತ್ತಿದ್ದೇನೆ. ನಿಮ್ಮ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ಕೇಳಿ.

ಬ್ಯಾಂಡೇಜ್ ಇದ್ದರೂ ಬೆರಳು ಆಡಿಸಬೇಕು. ಸುಮ್ನೆ ಇಟ್ಟರೆ ಬಿಗಿದುಕೊಳ್ಳುತ್ತವೆ. ಮೊದಲು ಬೆರಳು ನೆಟ್ಟಗೆ ಚಾಚಿ. ಆಮೇಲೆ ಬುಡದ ಗೆಣ್ಣು ಹಾಗೇ ಇರಲಿ, ಮೇಲಿನ ಎರಡು ಗೆಣ್ಣು ಮಾತ್ರ ಕೊಕ್ಕೆಯ ಹಾಗೆ ಬಗ್ಗಿಸಿ. ಮತ್ತೆ ನೆಟ್ಟಗೆ. ಆಮೇಲೆ ಮೆಲ್ಲಗೆ ಮುಷ್ಟಿ ಕಟ್ಟಿ, ಅದುಮಬೇಡಿ. ಹೆಬ್ಬೆರಳ ತುದಿಯಿಂದ ಒಂದೊಂದೇ ಬೆರಳ ತುದಿ ಮುಟ್ಟುತ್ತಾ ಕಿರುಬೆರಳಿಗೆ ಬನ್ನಿ. ಸಲಕ್ಕೆ 5-6 ಬಾರಿ, ದಿನಕ್ಕೆ ಮೂರ್ನಾಲ್ಕು ಸಲ ಸಾಕು. ಮಿಕ್ಕ ಹೊತ್ತು ಕೈ ದಿಂಬಿನ ಮೇಲೆ ಎತ್ತರದಲ್ಲಿರಲಿ, ಊತ ಇಳಿಯುತ್ತದೆ.

ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10-14 ದಿನಕ್ಕೆ. ಗಾಯ ಪೂರ್ತಿ ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಕಲೆಯನ್ನು ಮೆತ್ತಗೆ ತೀಡಿ.

ನಾನು ಮೂರನೇ ವಾರಕ್ಕೇ ಮುದ್ದೆ ಕೋಲು ಹಿಡಿದು ತಿರುವಿದೆ. ಅಂಗೈ ಬುಡ ರಾತ್ರಿಯೆಲ್ಲ ನೋಯಿತು. ದಯವಿಟ್ಟು ಹಾಗೆ ಮಾಡಬೇಡಿ. ಕೋಲು, ದೊಡ್ಡ ಕತ್ತರಿ, ಬಿಂದಿಗೆ ಎಲ್ಲಾ ಡಾಕ್ಟರು ಹೇಳುವ ತನಕ ಬೇಡ. ಕೈಯ ಬಲ ಪೂರ್ತಿ ಬರಲು ಎರಡು ಮೂರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಜೋಮು ಬೇಗ ಹೋಗದಿದ್ದರೆ ಹೆದರಬೇಡಿ, ನರ ನಿಧಾನಕ್ಕೆ ಚೇತರಿಸುತ್ತದೆ. ಆದರೆ ಗಾಯ ಕೆಂಪಾದರೆ, ಕೀವು ಬಂದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಆ ಇಬ್ಬರ ಬ್ಲೌಸ್ ಕಟಿಂಗ್ ಯಾರು ತೆಗೆದುಕೊಳ್ಳುತ್ತೀರಿ? ಇಲ್ಲೇ ತಿಳಿಸಿ.