ಸೋಮವಾರದ ಅರ್ಧ ಗಂಟೆಗೆ ಜೊತೆಯಾದವರಿಗೆ

ನಿನ್ನೆ ಎರಡನೇ ಡೆಕ್ಸಾ ಸ್ಕ್ಯಾನಿನ, ಅಂದರೆ ಮೂಳೆ ಎಷ್ಟು ಗಟ್ಟಿ ಎಂದು ಅಳೆಯುವ ಪರೀಕ್ಷೆಯ, ವರದಿ ಬಂತು. ಬೆನ್ನುಮೂಳೆಯ ಟಿ-ಸ್ಕೋರ್ ಎರಡು ವರ್ಷದ ಹಿಂದೆ ಮೈನಸ್ 3.1 ಇದ್ದದ್ದು ಈಗ ಮೈನಸ್ 2.7 ಆಗಿದೆ. ಈ ಅಂಕ ಸೊನ್ನೆಯ ಕಡೆಗೆ ಬಂದಷ್ಟೂ ಮೂಳೆ ಗಟ್ಟಿ ಎಂದರ್ಥ. ನೋಡಿ ಕಣ್ಣು ತುಂಬಿ ಬಂತು. ಕೆಲವರಿಗೆ ಕೈ ಮುಗಿಯಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಹಿತ್ತಿಲ ಮೆಟ್ಟಿಲಲ್ಲಿ ಜಾರಿ ಕೈ ಊರಿದ್ದೆ, ಅಷ್ಟೇ. ಮಣಿಕಟ್ಟು ಮುರಿಯಿತು. ಅದಕ್ಕೂ ಮೊದಲು ವರ್ಷಗಟ್ಟಲೆ ಸುಸ್ತು, ಮೈಕೈ ನೋವು, ಒಮ್ಮೆ ಕಿಡ್ನಿಯಲ್ಲಿ ಕಲ್ಲು. ಹೋದಲ್ಲೆಲ್ಲ "ವಯಸ್ಸಾಯ್ತಲ್ಲಮ್ಮ" ಅನ್ನುತ್ತಿದ್ದರು. ಕೈಗೆ ಪಟ್ಟಿ ಹಾಕಿದ ಮೂಳೆ ಡಾಕ್ಟರು ಮಾತ್ರ "ಇಷ್ಟಕ್ಕೆಲ್ಲ ಮೂಳೆ ಮುರೀಬಾರದು" ಎಂದು ರಕ್ತಪರೀಕ್ಷೆಗೆ ಬರೆದುಕೊಟ್ಟರು. ರಕ್ತದ ಕ್ಯಾಲ್ಸಿಯಂ 11.3, ಅದು ಜಾಸ್ತಿಯೇ. ಅದನ್ನು ಏರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನು ಇರಬೇಕಾದ್ದಕ್ಕಿಂತ ಎರಡು ಪಟ್ಟು. ಸರ್, ಆ ಒಂದು ಚೀಟಿಯ ಋಣ ನನ್ನ ಮೇಲೆ ಸದಾ ಇರುತ್ತದೆ.

ಹಾರ್ಮೋನು ತಜ್ಞೆ ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು ತೋರಿಸಿದರು. ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು. ಅದರಲ್ಲಿ ಒಂದು ಊದಿಕೊಂಡು ಅಂಕೆ ಮೀರಿದರೆ, ಮೂಳೆಯ ಕ್ಯಾಲ್ಸಿಯಂ ತೂತು ಬಿದ್ದ ಕಣಜದ ಭತ್ತದ ಹಾಗೆ ರಕ್ತಕ್ಕೆ ಸೋರುತ್ತಲೇ ಇರುತ್ತದೆ. ಆ ಗ್ರಂಥಿ ತೆಗೆಯುವುದೇ ಸರಿಯಾದ ಪರಿಹಾರ. ಆದರೆ ನನ್ನ ಹೃದಯ ಆಪರೇಷನ್ನಿಗೆ ಒಪ್ಪುವ ಸ್ಥಿತಿಯಲ್ಲಿರಲಿಲ್ಲ. ಮೊದಲು ವಿಟಮಿನ್ ಡಿ ಸರಿಮಾಡಿ, ಆಮೇಲೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ, 70 ಮಿಲಿಗ್ರಾಂ, ಬರೆದುಕೊಟ್ಟರು. "ಇದು ಗ್ರಂಥಿಯನ್ನ ವಾಸಿ ಮಾಡಲ್ಲ, ಮೂಳೆ ಸವೆಯೋದನ್ನ ತಡೆಯುತ್ತೆ" ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಯಾರೋ ಹೇಳಿದ ಸಿನಾಕ್ಯಾಲ್ಸೆಟ್ ಎಂಬ ಇನ್ನೊಂದು ಔಷಧಿಯ ಬಗ್ಗೆ ಕೇಳಿದೆ. ಅದು ರಕ್ತದ ಕ್ಯಾಲ್ಸಿಯಂ ಇಳಿಸುತ್ತದೆ, ಮೂಳೆ ತುಂಬಿಸುವುದಿಲ್ಲ ಎಂದರು. ಕ್ಯಾಲ್ಸಿಯಂ ಏರೀತೆಂದು ಹೆದರಿ ನಾನು ರಾಗಿ, ಮೊಸರು ಎರಡನ್ನೂ ಬಿಟ್ಟುಬಿಟ್ಟಿದ್ದೆ. ತಿನ್ನಿ, ಬಿಟ್ಟರೆ ಗ್ರಂಥಿ ಇನ್ನಷ್ಟು ಕೆರಳುತ್ತದೆ ಎಂದು ಬೈದವರೂ ಅವರೇ. ಮುದ್ದೆ ಮತ್ತೆ ತಟ್ಟೆಗೆ ಬಂತು ಮೇಡಂ, ನಿಮ್ಮ ದಯೆ.

ಮಾತ್ರೆ ನುಂಗುವುದಕ್ಕಿಂತ ಆಮೇಲಿನ ಅರ್ಧ ಗಂಟೆಯೇ ಕಷ್ಟ. ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟದ ತುಂಬ ಬರೀ ನೀರಿನ ಜೊತೆ ನುಂಗಬೇಕು. ಅರ್ಧ ಗಂಟೆ ಮಲಗುವಂತಿಲ್ಲ, ಕಾಫಿಯೂ ಇಲ್ಲ. ಮಾತ್ರೆ ಅನ್ನನಾಳದಲ್ಲಿ ನಿಂತರೆ ಹುಣ್ಣಾಗುತ್ತದಂತೆ. ಎರಡು ವರ್ಷದಿಂದ ಪ್ರತಿ ಸೋಮವಾರ ಆರು ಗಂಟೆಗೆ ಸೊಸೆ ನೀರಿನ ಲೋಟ ಹಿಡಿದು ನಿಲ್ಲುತ್ತಾಳೆ. ಅಂಗಳದಲ್ಲಿ ಉದುರಿದ ಪಾರಿಜಾತವನ್ನು ಅವಳು ಆರಿಸುತ್ತಾಳೆ, ನಾನು ಬುಟ್ಟಿ ಹಿಡಿದು ಜೊತೆಗೆ ನಡೆಯುತ್ತೇನೆ. ಬಗ್ಗಲು ನನ್ನನ್ನು ಬಿಡುವುದಿಲ್ಲ. ಡಿಕಾಕ್ಷನ್ ಇಳಿದು ಘಮ್ಮೆಂದು ವಾಸನೆ ಬರುತ್ತಿದ್ದರೂ ನನ್ನ ಅರ್ಧ ಗಂಟೆ ಮುಗಿಯುವವರೆಗೆ ಅವಳೂ ಕುಡಿದಿಲ್ಲ, ಒಂದು ಸೋಮವಾರವೂ.

ವರದಿಯ ಪ್ರಕಾರ ಮುಂಗೈ ಮೂಳೆ ಮಾತ್ರ ಇದ್ದ ಹಾಗೇ ಇದೆ. ಈ ಕಾಯಿಲೆಯ ಪೆಟ್ಟು ಹೆಚ್ಚು ಬೀಳುವುದು ಅಲ್ಲೇ ಅಂತೆ. ರಕ್ತದ ಕ್ಯಾಲ್ಸಿಯಂ ಕೂಡ ಇಳಿದಿಲ್ಲ, ಆಗಾಗ ಪರೀಕ್ಷೆ ನಡೆಯುತ್ತದೆ. ಆದರೆ ಈ ಎರಡು ವರ್ಷದಲ್ಲಿ ಒಂದು ಮೂಳೆಯೂ ಮುರಿದಿಲ್ಲ.

ಸ್ಕ್ಯಾನ್ ಕೋಣೆಯ ಹುಡುಗಿಗೂ ಒಂದು ಮಾತು. ಮೇಜಿನಿಂದ ಏಳುವಾಗ ನೀನು ಬೆನ್ನ ಕೆಳಗೆ ಕೈ ಕೊಟ್ಟು, "ಅಜ್ಜಿ, ನಿಧಾನ, ಯಾವ ಅರ್ಜೆಂಟೂ ಇಲ್ಲ" ಅಂದೆ. ಹೊರಗೆ ಸಾಲು ಉದ್ದ ಇತ್ತು, ನಾನು ನೋಡಿದ್ದೆ. ನಿನ್ನ ಹೆಸರು ಕೇಳಲು ಮರೆತೆ ಮಗಳೇ. ಚೆನ್ನಾಗಿರು.