ಭಾನುವಾರದ ವಿಷಯ: ಚೀನೀ ಬೈಬಲಿನಲ್ಲಿ ದೇವರ ಹೆಸರು

ಎಲ್ಲರಿಗೂ ನಮಸ್ಕಾರ. ಈ ಸಲ ಒಂದೇ ಒಂದು ಪದದ ಬಗ್ಗೆ ಮಾತಾಡೋಣ. ಚೀನೀ ಭಾಷೆಯಲ್ಲಿ ದೇವರನ್ನು ಏನಂತ ಕರೆಯಬೇಕು?

1583ರಲ್ಲಿ ಚೀನಾದಲ್ಲಿ ನೆಲೆನಿಂತ ಇಟಲಿಯ ಕ್ಯಾಥೊಲಿಕ್ ಪಾದ್ರಿ ಮತ್ತೆಯೋ ರಿಚ್ಚಿ 'ತಿಯಾನ್‌ಝು' ಅಂದರು, ಅಂದರೆ ಸ್ವರ್ಗದ ಒಡೆಯ. ಅಲ್ಲಿನ ಹಳೇ ಗ್ರಂಥಗಳಲ್ಲಿ ಪರಮ ಒಡೆಯನ ಹೆಸರಾದ 'ಶಾಂಗ್‌ದಿ'ಯನ್ನೂ ಬಳಸಿದರು. 1715ರಲ್ಲಿ ಪೋಪ್ 11ನೇ ಕ್ಲೆಮೆಂಟ್ ಶಾಂಗ್‌ದಿ ಬೇಡವೆಂದರು.

ಆಮೇಲೆ ಪ್ರೊಟೆಸ್ಟೆಂಟರಲ್ಲೂ ಜಗಳ. ಶಾಂಗ್‌ದಿ ಸರಿಯೋ, ದೇವರು, ದೈವ ಎಂಬರ್ಥದ 'ಶೆನ್' ಸರಿಯೋ? ಅದು ಬಗೆಹರಿಯಲೇ ಇಲ್ಲ. 1919ರ ಯೂನಿಯನ್ ಬೈಬಲ್, ಅಂದರೆ ಪ್ರೊಟೆಸ್ಟೆಂಟರ ಚೀನೀ ಅನುವಾದ, ಇವತ್ತಿಗೂ ಎರಡು ಬಗೆಯಲ್ಲಿ ಸಿಗುತ್ತದೆ. ಶಾಂಗ್‌ದಿಗೆ ಎರಡಕ್ಷರ, ಶೆನ್‌ಗೆ ಒಂದೇ. ಎರಡರ ಪುಟಗಳೂ ಒಂದೇ ಥರ ಹೊಂದಲಿ ಅಂತ ಶೆನ್ ಪ್ರತಿಯಲ್ಲಿ ಆ ಪದದ ಮುಂಚೆ ಒಂದಕ್ಷರದಷ್ಟು ಜಾಗ ಖಾಲಿ! ನನಗಂತೂ ಇದು ಮನಸ್ಸಿಗೆ ತುಂಬಾ ತಟ್ಟಿತು.

ಅಂಥ ಪುಟದ ಫೋಟೋ ಯಾರ ಹತ್ತಿರವಾದರೂ ಇದ್ದರೆ ಶನಿವಾರದೊಳಗೆ ಇಲ್ಲಿ ಹಾಕಿ.